ಕಾಂಪೌಂಡಿನ ಮಾತು ಸಾಕು, ಮಗುವಿನ ಮಾತು ಬರಲಿ: ಸರ್ಕಾರಿ ಶಾಲೆಯ ಪೋಷಕರಿಗೊಂದು ಮಾರ್ಗದರ್ಶಿ

ನಾನು ಸರ್ಕಾರಿ ಶಾಲೆಯ ಪೋಷಕರ ಸಮಿತಿಗೆ, ಅಂದರೆ ಎಸ್‌ಡಿಎಂಸಿಗೆ, ಸದಸ್ಯೆಯಾಗಿ ಕೂತ ಮೊದಲ ಸಭೆ ಒಂದೂವರೆ ಗಂಟೆ ನಡೆಯಿತು. ಕಾಂಪೌಂಡಿನ ಮಾತು ಬಂತು. ಗೇಟಿನ ಮಾತು ಬಂತು. ಆಗಸ್ಟ್ 15ಕ್ಕೆ ಯಾರು ಸಿಹಿ ಕೊಡಿಸುತ್ತಾರೆ, ಗೋಡೆಗೆ ಯಾವ ಬಣ್ಣ ಹೊಡೆಸಬೇಕು, ಅದೂ ಬಂತು. ಒಂದು ಮಗುವಿನ ಹೆಸರೂ ಬರಲಿಲ್ಲ. ಸಭೆ ಮುಗಿಸಿ ಬಸ್ ಸ್ಟಾಪಿನಲ್ಲಿ ನಿಂತಿದ್ದೆ. ಅದೇ ಶಾಲೆಯಲ್ಲಿ ಐದನೇ ಕ್ಲಾಸ್ ಓದುವ ಹುಡುಗಿ ಪಕ್ಕಕ್ಕೆ ಬಂದು, "ಆಂಟಿ, ಈ ಬಸ್ ಎಲ್ಲಿಗೆ ಹೋಗುತ್ತೆ?" ಅಂತ ಕೇಳಿದಳು. ಬೋರ್ಡು ಅವಳ ಕಣ್ಣೆದುರೇ ಇತ್ತು, ದಪ್ಪ ಕನ್ನಡ ಅಕ್ಷರದಲ್ಲಿ.

ಆ ಸಮಿತಿಯಲ್ಲಿ ನಾನು ಎರಡು ಅವಧಿ, ಆರು ವರ್ಷ ಇದ್ದೆ. ನನ್ನದು ಬಟ್ಟೆ ಹೊಲಿಯುವ ಕೆಲಸ. ಓದಿದ್ದು ಪಿಯುಸಿವರೆಗೆ. ಕಾನೂನು, ಸುತ್ತೋಲೆ ಎಲ್ಲ ಕಲಿತದ್ದು ಆಮೇಲೆ, ಬೇಕು ಅನ್ನಿಸಿದಾಗ. ಯಾವುದು ಕೆಲಸಕ್ಕೆ ಬಂತು, ಎಲ್ಲಿ ಎಡವಿದೆವು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ನಿಮ್ಮ ಮಗು ಸರ್ಕಾರಿ ಶಾಲೆಗೆ ಹೋಗುತ್ತಿದ್ದರೆ ಈ ವರ್ಷವೇ ಶುರು ಮಾಡಬಹುದು.

ಶಿಕ್ಷಣ ಸುಧಾರಣೆ ಅಂದ ಕೂಡಲೇ ನಮಗೆ ವಿಧಾನಸೌಧ ನೆನಪಾಗುತ್ತದೆ. ಆಯೋಗ, ನೀತಿ, ಪಠ್ಯಪುಸ್ತಕ. ಅವೂ ಬೇಕು. ಆದರೆ ಹಿಂದಿನ ಸಾಲಿನಲ್ಲಿ ಯಾವ ಮಗು ಸುಮ್ನೆ ಕೂತಿದೆ ಅನ್ನುವುದು ಅಲ್ಲಿಗೆ ಕಾಣುವುದಿಲ್ಲ. ಊರಿನಲ್ಲಿರುವ ನಮಗೆ ಕಾಣುತ್ತದೆ.

ಮೊದಲು ಸಮಿತಿ ಯಾರದು ಅಂತ ನೋಡಿ

ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ, ಕರ್ನಾಟಕದಲ್ಲಿ ಶುರುವಾದದ್ದು 2001ರಲ್ಲಿ. ವಿಜ್ಞಾನಿ ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆ ಇದನ್ನು ಸೂಚಿಸಿತ್ತು. ಶಾಲೆಯ ಮೇಲೆ ನಿಗಾ ಇಡುವವರು ಆ ಶಾಲೆಯ ಮಕ್ಕಳ ಅಪ್ಪ ಅಮ್ಮಂದಿರೇ ಆಗಿರಬೇಕು ಅನ್ನುವುದು ಇದರ ಹಿಂದಿನ ಯೋಚನೆ. ಮುಂದೆ ಇದು ಕಾನೂನೂ ಆಯಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರು ಇರಬೇಕು. ಅರ್ಧದಷ್ಟು ಮಹಿಳೆಯರು ಇರಬೇಕು. ಹಿಂದುಳಿದ, ಬಡ ಕುಟುಂಬದ ಪೋಷಕರಿಗೆ ಅವರ ಮಕ್ಕಳ ಸಂಖ್ಯೆಗೆ ತಕ್ಕಂತೆ ಜಾಗ ಇರಬೇಕು.

ಬಹಳ ಊರುಗಳಲ್ಲಿ ಏನಾಗುತ್ತದೆ ಅಂದರೆ, ನಾಲ್ಕು ಜನ ದೊಡ್ಡವರು ಸೇರಿ ಹೆಸರು ಹೇಳುತ್ತಾರೆ, ಹಾರ ಹಾಕುತ್ತಾರೆ, ಮುಗಿಯಿತು. ಅವರ ಸ್ವಂತ ಮಕ್ಕಳು ಪಟ್ಟಣದ ಕಾನ್ವೆಂಟಿಗೆ ಹೋಗುತ್ತಿರುತ್ತಾರೆ. ಸದಸ್ಯೆ ಅಂತ ಹೆಸರು ಹೆಂಗಸಿನದು, ಸಭೆಗೆ ಬರುವುದು ಗಂಡ.

ಇದನ್ನು ಸರಿ ಮಾಡಲು ಜಗಳ ಬೇಕಿಲ್ಲ. ಸದಸ್ಯರ ಪಟ್ಟಿ ತೋರಿಸಿ ಅಂತ ಹೆಡ್‌ಮಾಸ್ಟರನ್ನು ಕೇಳಿ. ಪಟ್ಟಿಯಲ್ಲಿ ಇರುವವರ ಮಕ್ಕಳು ಈ ಶಾಲೆಯ ಹಾಜರಿ ಪುಸ್ತಕದಲ್ಲಿ ಇದ್ದಾರಾ ನೋಡಿ. ಮುಂದಿನ ಆಯ್ಕೆ ಯಾವಾಗ ಅಂತ ತಿಳಿದುಕೊಂಡು, ಆ ದಿನ ನಿಮ್ಮ ಕೇರಿಯಿಂದ ಕನಿಷ್ಠ ಹತ್ತು ಜನ ಹೋಗಿ. ಜಾಸ್ತಿ ಜನ ಬಂದರೆ ಹೆಸರು ಹೇಳಿ ಮುಗಿಸುವುದು ಕಷ್ಟವಾಗುತ್ತದೆ.

ಸಭೆಯ ಹೊತ್ತೂ ಮುಖ್ಯ. ನಮ್ಮಲ್ಲಿ ಬೆಳಿಗ್ಗೆ 11ಕ್ಕೆ ಸಭೆ ಇಡುತ್ತಿದ್ದರು. ಕೂಲಿಗೆ ಹೋಗುವ ತಾಯಿ ಬರಬೇಕಾದರೆ ಒಂದು ದಿನದ ದುಡಿಮೆ ಬಿಡಬೇಕು. ಅವಳು ಬರಲಿಲ್ಲ ಅಂದರೆ "ಇವರಿಗೆ ಆಸಕ್ತಿ ಇಲ್ಲ" ಅಂತ ಬರೆದುಬಿಡುತ್ತಿದ್ದರು. ನಾವು ಸಂಜೆ ಐದೂವರೆಗೆ ಬದಲಾಯಿಸಿಕೊಂಡೆವು. ಹೆಡ್‌ಮಾಸ್ಟರ್ ಒಪ್ಪಲು ಎರಡು ತಿಂಗಳು ಹಿಡಿಯಿತು, ಅವರೂ ತಾಲ್ಲೂಕು ಕೇಂದ್ರದಿಂದ ಬಂದು ಹೋಗುವವರು. ಕೊನೆಗೆ ಸಭೆಯ ದಿನ ಒಬ್ಬರು ಬೈಕಿನಲ್ಲಿ ಅವರನ್ನು ಬಸ್ಸಿಗೆ ಬಿಡುವುದು ಅಂತ ಆಯಿತು. ಹಾಜರಿ ಎರಡು ಪಟ್ಟಾಯಿತು.

ಒಂದು ದಿನ ಪೂರ್ತಿ ಶಾಲೆಯಲ್ಲಿ ಕೂರಿ

ದೂರು ಕೊಡುವ ಮೊದಲು, ಯೋಜನೆ ಬರೆಯುವ ಮೊದಲು, ಒಂದು ದಿನ ನೋಡಿ. ಮೊದಲೇ ಹೇಳಿ ಹೋಗಿ. ತಪ್ಪು ಹಿಡಿಯಲು ಬಂದಿಲ್ಲ ಅಂತ ಟೀಚರಿಗೆ ಗೊತ್ತಾಗಲಿ. ಪ್ರಾರ್ಥನೆಯಿಂದ ಕೊನೆಯ ಬೆಲ್‌ವರೆಗೆ ಇದ್ದು, ಇವನ್ನು ಗಮನಿಸಿ:

- ಕಸ ಗುಡಿಸುವುದು ಯಾರು? ಬರೀ ಹುಡುಗಿಯರಾ? ಒಂದೇ ಕೇರಿಯ ಮಕ್ಕಳಾ? ಶೌಚಾಲಯಕ್ಕೆ ನೀರು ಹಾಕುವುದು ಯಾರು?
- ಟೀಚರ್ ಪ್ರಶ್ನೆ ಕೇಳುವುದು ಯಾರನ್ನು? ಒಂದು ಪೀರಿಯಡ್‌ನಲ್ಲಿ ಎಷ್ಟು ಮಕ್ಕಳ ಹೆಸರು ಕರೆದರು?
- ಹಿಂದಿನ ಸಾಲಿನಲ್ಲಿ ಯಾರು, ಎಷ್ಟು ದಿನದಿಂದ? ಅವರಿಗೆ ಬೋರ್ಡು ಕಾಣುತ್ತದಾ?
- ಬಿಸಿಯೂಟದಲ್ಲಿ ಎಲ್ಲರೂ ಒಟ್ಟಿಗೆ ಕೂರುತ್ತಾರಾ? ಮೊಟ್ಟೆ ತಿನ್ನುವವರು, ಬಾಳೆಹಣ್ಣು ತಿನ್ನುವವರು ಅಂತ ಬೇರೆ ಬೇರೆ ಸಾಲು ಆಗಿದೆಯಾ?
- ಹುಡುಗಿಯರ ಶೌಚಾಲಯಕ್ಕೆ ಬೀಗ ಇದ್ದರೆ ಬೀಗದ ಕೈ ಯಾರ ಹತ್ತಿರ? ಆರನೇ ಕ್ಲಾಸಿನ ಮೇಲಿನ ಹುಡುಗಿಯರಿಗೆ ಶುಚಿ ಯೋಜನೆಯ ಪ್ಯಾಡ್ ಸಿಗುತ್ತಿದೆಯಾ?

ಮೊದಲ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ಒಂದು ವಸತಿ ಶಾಲೆಯಲ್ಲಿ ದಲಿತ ಮಕ್ಕಳನ್ನು ಶೌಚ ಗುಂಡಿಗೆ ಇಳಿಸಿ ಸ್ವಚ್ಛ ಮಾಡಿಸಿದ ಸುದ್ದಿ ರಾಜ್ಯವನ್ನೇ ಕಲಕಿತು. ಅಲ್ಲಿಗೆ ಹೋಗಿ ಮುಟ್ಟುವ ಮೊದಲು, ಪೊರಕೆ ಯಾರ ಕೈಗೆ ಬರುತ್ತದೆ ಅನ್ನುವಲ್ಲೇ ಅದು ಶುರುವಾಗಿರುತ್ತದೆ. ಎಲ್ಲ ಮಕ್ಕಳೂ ಸರದಿ ಪ್ರಕಾರ ತಮ್ಮ ತರಗತಿ ಗುಡಿಸಿದರೆ ತಪ್ಪೇನಿಲ್ಲ. ಆ ಸರದಿ ಗೋಡೆಯ ಮೇಲೆ ಬರೆದಿರಲಿ, ಅದರಲ್ಲಿ ಪ್ರತಿ ಹುಡುಗನ ಹೆಸರೂ ಇರಲಿ. ಶೌಚಾಲಯ ತೊಳೆಯುವ ಕೆಲಸ ಮಕ್ಕಳದಲ್ಲ, ಅಷ್ಟೇ.

ಬೋರ್ಡು ಕಾಣದ ಮಗುವಿನ ವಿಷಯ ಬೇಗ ಸರಿಹೋಗುತ್ತದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೊಮ್ಮೆ ಸರ್ಕಾರಿ ಶಾಲೆಗೆ ಬರಬೇಕು. ಅವರು ಬರುವ ದಿನ ಕೇಳಿಟ್ಟುಕೊಳ್ಳಿ, ಆ ದಿನ ಯಾವ ಮಗುವೂ ತಪ್ಪಿಸಿಕೊಳ್ಳದಂತೆ ನೋಡಿ. ನಮ್ಮ ಶಾಲೆಯಲ್ಲಿ "ಮಂದ ಹುಡುಗ" ಅಂತ ಎಲ್ಲರೂ ಅನ್ನುತ್ತಿದ್ದ ಒಬ್ಬನಿಗೆ ಬೇಕಾಗಿದ್ದದ್ದು ಕನ್ನಡಕ. ಮೂರು ವರ್ಷ ಅವನು ಪಕ್ಕದವನ ಪುಸ್ತಕ ನೋಡಿ ಬರೆದುಕೊಂಡು ಕೂತಿದ್ದ. ಈಗಲೂ ನೆನೆಸಿಕೊಂಡರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಓದಲು ಬರುತ್ತದಾ? ಒಬ್ಬೊಬ್ಬರನ್ನೇ ಕೂರಿಸಿ ಕೇಳಿ

ಈ ಹೆಜ್ಜೆಗೆ ಎಲ್ಲಕ್ಕಿಂತ ಜಾಸ್ತಿ ಸಮಯ ಕೊಡಿ. ಓದಲು ಬಾರದ ಮಗುವಿಗೆ ವಿಜ್ಞಾನವೂ ಇಲ್ಲ, ಸಮಾಜವೂ ಇಲ್ಲ. ಅದು ಸುಮ್ನೆ ಕೂತಿರುತ್ತದೆ. ಕೂತು ಕೂತು ಬೇಸತ್ತು ಏಳನೇ ಕ್ಲಾಸಿನ ಹೊತ್ತಿಗೆ ಶಾಲೆ ಬಿಡುತ್ತದೆ.

ಟೀಚರ್ ಜೊತೆ ಮಾತಾಡಿಕೊಂಡು ನಾಲ್ಕು ಚೀಟಿ ಮಾಡಿ. ಒಂದರಲ್ಲಿ ಬಿಡಿ ಅಕ್ಷರಗಳು. ಇನ್ನೊಂದರಲ್ಲಿ ಮರ, ಮನೆ, ಹೂವು ತರಹದ ಪದಗಳು. ಮೂರನೆಯದರಲ್ಲಿ ಒಂದನೇ ಕ್ಲಾಸಿನ ಮಟ್ಟದ ನಾಲ್ಕು ವಾಕ್ಯ. ಕೊನೆಯದರಲ್ಲಿ ಎರಡನೇ ಕ್ಲಾಸಿನ ಮಟ್ಟದ ಎಂಟು ಹತ್ತು ಸಾಲಿನ ಸಣ್ಣ ಕಥೆ. ಮಗುವಿಗೆ ಮೊದಲು ನಾಲ್ಕು ವಾಕ್ಯದ ಚೀಟಿ ಕೊಡಿ. ಓದಿದರೆ ಕಥೆ ಕೊಡಿ. ತಡವರಿಸಿದರೆ ಪದ, ಅದೂ ಕಷ್ಟವಾದರೆ ಅಕ್ಷರ. ದೇಶದ ಹಳ್ಳಿಗಳಲ್ಲಿ ನಡೆಯುವ ಅಸರ್ ಸಮೀಕ್ಷೆಯ ದಾರಿಯೂ ಇದೇ. ಒಂದು ಮಗುವಿಗೆ ಮೂರು ನಾಲ್ಕು ನಿಮಿಷ ಸಾಕು. ಮರದ ಕೆಳಗೋ ಜಗಲಿಯ ಮೇಲೋ ಕೂರಿಸಿ, ಬೇರೆ ಮಕ್ಕಳಿಗೆ ಕೇಳದ ಹಾಗೆ ಓದಿಸಿ. ಎಲ್ಲರ ಮುಂದೆ ನಿಲ್ಲಿಸಿ ಓದಿಸಿದರೆ ಬರುವ ಮಗುವಿಗೂ ಬಾಯಿ ಕಟ್ಟುತ್ತದೆ.

ಎಲ್ಲಿ ನಿಂತಿತು ಅಂತ ಬರೆದುಕೊಳ್ಳಿ. ನಾವು ಮಾಡಿದಾಗ ಹೆಚ್ಚಿನ ಮಕ್ಕಳು ನಿಂತದ್ದು ಒತ್ತಕ್ಷರದಲ್ಲಿ. ಅಜ್ಜ, ಹಕ್ಕಿ, ಬೆಲ್ಲ ಓದುತ್ತಿದ್ದರು. ಅದೇ ಅಕ್ಷರದ ಒತ್ತು ಅಲ್ವಾ, ಬಾಯಿಗೆ ಸಿಗುತ್ತದೆ. ಪುಸ್ತಕ, ರಸ್ತೆ, ಕಷ್ಟ ಬಂದರೆ ನಿಂತುಬಿಡುತ್ತಿದ್ದರು. ಸೂರ್ಯ ಅನ್ನುವ ಪದದ ಅರ್ಕಾವತ್ತನ್ನು ಎಷ್ಟೋ ಮಕ್ಕಳು ಒಂಬತ್ತು ಅಂತ ಅಂದುಕೊಂಡಿದ್ದರು. ಇದನ್ನು ಕೇಳಿದ ಮೇಲೆ ಟೀಚರಿಗೆ ಏನು ಕಲಿಸಬೇಕು ಅಂತ ಗೊತ್ತಾಯಿತು. "ಮಕ್ಕಳಿಗೆ ಓದಲು ಬರಲ್ಲ" ಅನ್ನುವ ದೂರಿನಿಂದ ಯಾರಿಗೂ ಏನೂ ಸಿಗುವುದಿಲ್ಲ. "ಹದಿನಾಲ್ಕು ಮಕ್ಕಳಿಗೆ ಬೇರೆ ಅಕ್ಷರದ ಒತ್ತು ಬರುತ್ತಿಲ್ಲ" ಅಂದರೆ ಎರಡು ತಿಂಗಳ ಕೆಲಸ ಸಿಕ್ಕಿತು.

ನಾಲ್ಕನೇ ಕ್ಲಾಸಿನ ಮೇಲೆ ಸ್ವಲ್ಪ ಜಾಸ್ತಿ ಗಮನ ಇಡಿ. ಒಂದರಿಂದ ಮೂರರವರೆಗೆ ಮಕ್ಕಳು ನಲಿ ಕಲಿಯಲ್ಲಿ ಇರುತ್ತಾರೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಾಲೆಗಳಲ್ಲಿ ಶುರುವಾದ ಪದ್ಧತಿ ಇದು. ಅಲ್ಲಿನ ಮೇಷ್ಟ್ರುಗಳು ಆಂಧ್ರದ ರಿಷಿ ವ್ಯಾಲಿ ಶಾಲೆಗಳನ್ನು ನೋಡಿ ಬಂದು, ತಾವೇ ಕಾರ್ಡು ಬರೆದು ಕಟ್ಟಿದರು. 2009ರ ನಂತರ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಮಗು ತನ್ನ ವೇಗದಲ್ಲಿ ಕಲಿಕಾ ಏಣಿ ಹತ್ತುತ್ತದೆ, ಟೀಚರ್ ಜೊತೆ ಒಂದು ಗುಂಪು, ಗೆಳೆಯರ ಜೊತೆ ಒಂದು ಗುಂಪು, ತಾನೇ ಕಲಿಯುವ ಒಂದು ಗುಂಪು. ಮಕ್ಕಳು ಬರೆದದ್ದು, ಬಿಡಿಸಿದ್ದು ತಲೆಯ ಮೇಲಿನ ಚಪ್ಪರದಲ್ಲಿ ತೂಗುತ್ತಿರುತ್ತದೆ. ಮಗುವನ್ನು ನಡುವೆ ಇಟ್ಟ ಕಲಿಕೆ ಅಂದರೆ ಏನು ಅಂತ ನೋಡಬೇಕಾದರೆ ಒಳ್ಳೆಯ ನಲಿ ಕಲಿ ಕೋಣೆಗೆ ಹೋಗಿ ನೋಡಬೇಕು. ತೊಂದರೆ ಬರುವುದು ಆಮೇಲೆ. ಏಣಿಯ ಅರ್ಧದಲ್ಲಿ ಇರುವ ಮಗುವೂ ಜೂನ್ ತಿಂಗಳಲ್ಲಿ ನಾಲ್ಕನೇ ಕ್ಲಾಸಿಗೆ ಬಂದು ಬೆಂಚಿನ ಮೇಲೆ ಕೂರುತ್ತದೆ, ಪಠ್ಯಪುಸ್ತಕ ಶುರುವಾಗುತ್ತದೆ. ಅರ್ಧ ಏಣಿ ಯಾರಿಗೂ ನೆನಪಿರುವುದಿಲ್ಲ. ಹಾಗಾಗಿ ಯಾವ ಮಗು ಏಣಿಯ ಎಲ್ಲಿದೆ ಅಂತ ತೋರಿಸುವ ಮೂರನೇ ಕ್ಲಾಸಿನ ಪ್ರಗತಿ ನೋಟವನ್ನು ನಾಲ್ಕನೇ ಕ್ಲಾಸಿನ ಟೀಚರ್ ಕೈಗೆ ಕೊಡಿಸಿ. ಇಷ್ಟನ್ನು ಎಸ್‌ಡಿಎಂಸಿ ಕೇಳಿದರೂ ಸಾಕು, ಬಹಳ ವ್ಯತ್ಯಾಸ ಆಗುತ್ತದೆ.

ನಾವು ಮಾಡಿದ್ದು ಹೀಗೆ. ದಿನಾ ಮಧ್ಯಾಹ್ನ ಊಟದ ನಂತರ 40 ನಿಮಿಷ ನಾಲ್ಕು, ಐದನೇ ಕ್ಲಾಸಿನ ಮಕ್ಕಳನ್ನು ಓದಿನ ಮಟ್ಟದ ಪ್ರಕಾರ ಮೂರು ಗುಂಪು ಮಾಡಿ ಕೂರಿಸುವುದು. ಒಂದು ಗುಂಪಿಗೆ ಟೀಚರ್, ಒಂದಕ್ಕೆ ಪಿಯುಸಿ ಮುಗಿಸಿ ಊರಲ್ಲಿದ್ದ ಹುಡುಗಿ, ಓದು ಬರುವ ಗುಂಪಿಗೆ ಲೈಬ್ರರಿ ಪುಸ್ತಕ. ತಿಂಗಳಿಗೊಮ್ಮೆ ಮತ್ತೆ ಓದಿಸಿ ಗುಂಪು ಬದಲಾಯಿಸಬೇಕು, ಇದು ತಪ್ಪಬಾರದು. ಬದಲಾಗದ ಗುಂಪು ಮಗುವಿನ ಹಣೆಬರಹವಾಗಿಬಿಡುತ್ತದೆ. ನಾವು ಮೊದಲ ವರ್ಷ ಈ ತಪ್ಪು ಮಾಡಿದೆವು. ಆರು ತಿಂಗಳು ಒಂದೇ ಗುಂಪಿನಲ್ಲಿದ್ದ ಮಕ್ಕಳು ತಮ್ಮನ್ನು ತಾವೇ "ದಡ್ಡರ ಗುಂಪು" ಅಂತ ಕರೆದುಕೊಳ್ಳಲು ಶುರು ಮಾಡಿದ್ದರು.

ಲೆಕ್ಕಕ್ಕೂ ಹೀಗೇ ಮಾಡಬಹುದು. ಅಂಗಡಿಯಲ್ಲಿ ನೂರು ರೂಪಾಯಿ ಕೊಟ್ಟು 37 ರೂಪಾಯಿ ಸಾಮಾನಿಗೆ ಚಿಲ್ಲರೆ ಎಷ್ಟು ಅಂತ ತಟ್ಟನೆ ಹೇಳುವ ಮಗು, ಅದೇ ಕಳೆಯುವ ಲೆಕ್ಕ ಬೋರ್ಡಿನಲ್ಲಿ ಬರೆದರೆ ತಪ್ಪು ಮಾಡುತ್ತದೆ. ಆ ಮಗುವಿಗೆ ಲೆಕ್ಕ ಗೊತ್ತು. ದಶಕ ತೆಗೆದುಕೊಳ್ಳುವುದನ್ನು ಬರೆದು ತೋರಿಸುವುದಷ್ಟೇ ಗೊತ್ತಿಲ್ಲ. ಚಿಲ್ಲರೆ ಕಾಸಿನಿಂದಲೇ ಶುರು ಮಾಡಿಸಿ.

ಮನೆಯ ಮಾತಿಗೆ ಶಾಲೆಯಲ್ಲಿ ಜಾಗ ಕೊಡಿಸಿ

ಕನ್ನಡ ಶಾಲೆಗೆ ಬರುವ ಎಲ್ಲ ಮಕ್ಕಳ ಮನೆಮಾತು ಕನ್ನಡ ಅಲ್ಲ. ತಾಂಡಾದ ಮಗುವಿನ ಮನೆಯಲ್ಲಿ ಲಂಬಾಣಿ. ಪಾವಗಡ, ಕೋಲಾರದ ಕಡೆ ತೆಲುಗು. ಮಂಗಳೂರಿನ ಕಡೆ ತುಳು, ಬ್ಯಾರಿ. ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳ ಮನೆಯಲ್ಲಿ ಹಿಂದಿ, ಒಡಿಯಾ. ಒಂದನೇ ಕ್ಲಾಸಿಗೆ ಬಂದ ಮಗು ಮಾತಾಡುತ್ತಿಲ್ಲ ಅಂದರೆ ಅದಕ್ಕೆ ಮಾತು ಬರುವುದಿಲ್ಲ ಅಂತಲ್ಲ, ಇಲ್ಲಿನ ಮಾತು ಇನ್ನೂ ಬಂದಿಲ್ಲ. ಆದಷ್ಟು ಮಟ್ಟಿಗೆ ಮಗುವಿನ ಮಾತೃಭಾಷೆಯಲ್ಲೇ ಕಲಿಕೆ ನಡೆಯಬೇಕು ಅಂತ ಕಾಯ್ದೆಯ 29ನೇ ಸೆಕ್ಷನ್ ಕೂಡ ಹೇಳುತ್ತದೆ.

ಮಾಡುವ ಕೆಲಸ ಸಣ್ಣದು. ಮಗು ದಿನಾ ಬಳಸುವ ಐವತ್ತು ಪದಗಳನ್ನು, ನೀರು, ಹೊಟ್ಟೆನೋವು, ಬಾ, ಅಮ್ಮ ಎಲ್ಲಿ, ಇಂಥವನ್ನು, ಅದರ ಮನೆಮಾತಿನಲ್ಲಿ ಕನ್ನಡ ಲಿಪಿಯಲ್ಲಿ ಬರೆದು ಗೋಡೆಗೆ ಅಂಟಿಸಿ. ಟೀಚರಿಗೂ ಅದೇ ಪಾಠ. ಶನಿವಾರ ತಾಂಡಾದ ಅಜ್ಜಿಯೊಬ್ಬರನ್ನು ಕರೆದು ಅವರ ಮಾತಿನಲ್ಲೇ ಕಥೆ ಹೇಳಿಸಿ. "ಅಜ್ಜಿ, ನಿಮ್ಮ ಮೊಮ್ಮಗಳ ಸ್ಕೂಲಲ್ಲಿ ಒಂದು ಕಥೆ ಹೇಳ್ತೀರಾ?" ಅಂತ ಕೇಳಿದಾಗ ಆಕೆ ಮೂರು ಸಲ ಬೇಡ ಅಂದು ನಾಲ್ಕನೇ ಸಲ ಬಂದರು. ಅವತ್ತು ಆ ಮೊಮ್ಮಗಳು ಇಡೀ ಕ್ಲಾಸಿಗೆ ಕಥೆಯನ್ನು ಕನ್ನಡದಲ್ಲಿ ಬಿಡಿಸಿ ಹೇಳಿದಳು. ಅದುವರೆಗೆ ಅವಳ ದನಿ ಟೀಚರೂ ಸರಿಯಾಗಿ ಕೇಳಿರಲಿಲ್ಲ.

ಬರದೇ ಇರುವ ಮಕ್ಕಳು

ಹಾಜರಿ ಪುಸ್ತಕ ಪ್ರತಿ ತಿಂಗಳೂ ಸಭೆಯಲ್ಲಿ ತೆರೆಯಲಿ. ತಿಂಗಳಲ್ಲಿ ಐದು ದಿನಕ್ಕಿಂತ ಜಾಸ್ತಿ ಬಾರದವರ ಹೆಸರು ಓದಿ, ಮನೆಗೆ ಇಬ್ಬರು ಹೋಗಿ ಬನ್ನಿ. ಕಾರಣ ಬಹಳ ಸಲ ತಮ್ಮನನ್ನೋ ತಂಗಿಯನ್ನೋ ನೋಡಿಕೊಳ್ಳುವುದು. ಆಗ ಅಂಗನವಾಡಿಯ ಸಮಯ ಮಾತಾಡಿ ಸರಿ ಮಾಡಬಹುದು. ಕಬ್ಬು ಕಡಿಯಲು ಗುಳೆ ಹೋಗುವ ಮನೆಯಾದರೆ, ಅಪ್ಪ ಅಮ್ಮ ಹೋದರೂ ಮಗು ಊರಲ್ಲೇ ಉಳಿಯಲು ಋತುಮಾನದ ವಸತಿ ಕೇಂದ್ರ ಹತ್ತಿರ ಇದೆಯಾ ಅಂತ ಸಿಆರ್‌ಪಿಯನ್ನು (ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಕೇಳಿ. ಹೊರಗಿನಿಂದ ಬಂದ ಮಗುವಿಗೆ ಟಿಸಿ ಇಲ್ಲ, ಜನ್ಮ ದಾಖಲೆ ಇಲ್ಲ ಅಂತ ಸೇರಿಸಿಕೊಳ್ಳದೆ ವಾಪಸ್ ಕಳಿಸುವಂತಿಲ್ಲ. ಇದು ಕಾನೂನು.

ಅಂಗವೈಕಲ್ಯ ಇರುವ ಮಕ್ಕಳ ಹೆಸರು ಹಾಜರಿಯಲ್ಲಿ ಇದ್ದು, ಮಗು ಮನೆಯಲ್ಲೇ ಇರುವುದನ್ನು ನಾನು ನೋಡಿದ್ದೇನೆ. ಬ್ಲಾಕ್ ಮಟ್ಟದಲ್ಲಿ ಬಿಐಇಆರ್‌ಟಿ ಅಂತ ವಿಶೇಷ ಶಿಕ್ಷಕರು ಇರುತ್ತಾರೆ. ಅವರು ಕೊನೆಯ ಸಲ ಯಾವಾಗ ಬಂದರು ಅಂತ ನಡಾವಳಿ ಪುಸ್ತಕದಲ್ಲಿ ಬರೆಸಿ.

ಬೆತ್ತದ ವಿಷಯ: ಇಲ್ಲಿ ನಮ್ಮ ಜನವನ್ನೇ ಒಪ್ಪಿಸಬೇಕು

ಮಕ್ಕಳನ್ನು ಹೊಡೆಯುವುದು, ಮನಸ್ಸು ನೋಯಿಸುವುದು ಎರಡನ್ನೂ ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ. ಇದು ಟೀಚರುಗಳಿಗೆ ಚೆನ್ನಾಗಿ ಗೊತ್ತು. ಕಷ್ಟ ಇರುವುದು ನಮ್ಮ ಕಡೆ. "ನಾಲ್ಕು ಬಿಡಿ ಮೇಷ್ಟ್ರೇ, ಆಗ ಬುದ್ಧಿ ಬರುತ್ತೆ" ಅಂತ ಮಗುವನ್ನು ಬಿಟ್ಟು ಹೋಗುವವರು ನಾವೇ ಅಲ್ವಾ? ನನ್ನ ಅಪ್ಪನೂ ಹಾಗೇ ಹೇಳಿದ್ದರು. ನಾನು ಏಳನೇ ಕ್ಲಾಸಿನವರೆಗೆ ಲೆಕ್ಕದ ಪೀರಿಯಡ್ ಬಂದರೆ ಹೊಟ್ಟೆನೋವು ಅಂತ ಹೇಳಿ ಹೊರಗೆ ಕೂರುತ್ತಿದ್ದೆ. ಹೊಟ್ಟೆ ನಿಜವಾಗಿಯೂ ನೋಯುತ್ತಿತ್ತು.

ಪೋಷಕರ ಸಭೆಯಲ್ಲಿ ಕಾನೂನು ಓದಿ ಹೇಳಿದರೆ ಯಾರೂ ಒಪ್ಪುವುದಿಲ್ಲ. ನಾವು ಬೇರೆ ಪ್ರಶ್ನೆ ಕೇಳಿದೆವು: "ನಿಮಗೆ ಹೊಡೆದ ವಿಷಯ ಯಾವುದು? ಈಗ ನಿಮಗೆ ಅದು ಎಷ್ಟು ಬರುತ್ತೆ?" ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬೊಬ್ಬರೇ ಹೇಳಲು ಶುರು ಮಾಡಿದರು. ಇಂಗ್ಲಿಷ್, ಲೆಕ್ಕ, ಮಗ್ಗಿ. ಆ ದಿನ ಒಂದು ತೀರ್ಮಾನ ಮಾಡಿದೆವು. ತರಗತಿಯಲ್ಲಿ ಬೆತ್ತ ಇರಬಾರದು. ಜಾತಿ ಹೆಸರು, ಅಪ್ಪನ ಕುಡಿತ, ಬಣ್ಣ, ದಪ್ಪ ಸಣ್ಣ ಎತ್ತಿ ಬೈಯಬಾರದು. ಮಗು ಗಲಾಟೆ ಮಾಡಿದರೆ ಮನೆಗೆ ಹೇಳಿಕಳಿಸಬೇಕು, ಮನೆಯವರು ಎರಡು ದಿನದೊಳಗೆ ಬರಬೇಕು. ಕೊನೆಯ ಮಾತು ನಮ್ಮ ಪಾಲಿನ ಹೊಣೆ. ಅದಿಲ್ಲದೆ ಮೊದಲೆರಡನ್ನು ಟೀಚರಿಂದ ಕೇಳುವುದು ಸರಿಯಲ್ಲ.

ಇದು ಎರಡು ಸಲ ಮುರಿಯಿತು. ಒಂದು ಸಲ ಸಭೆಯಲ್ಲಿ ಮಾತಾಡಿ ಸರಿಹೋಯಿತು. ಇನ್ನೊಂದು ಸಲ ಲಿಖಿತವಾಗಿ ಬರೆಯಬೇಕಾಯಿತು. ಗಂಭೀರವಾದ ಹಿಂಸೆಯಾಗಿದ್ದರೆ, ಮಗುವನ್ನು ಕೆಟ್ಟದಾಗಿ ಮುಟ್ಟಿದ ಮಾತಾಗಿದ್ದರೆ, ಸಮಿತಿಯಲ್ಲಿ ರಾಜಿ ಮಾಡಲು ಕೂರಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ಪೊಲೀಸರಿಗೆ ತಿಳಿಸಿ.

ಶಾಲಾ ಅಭಿವೃದ್ಧಿ ಯೋಜನೆ ಬರೆಯುವುದು ಹೇಗೆ

ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ಈ ಯೋಜನೆಯನ್ನು ಬರೆಯಬೇಕಾದವರು ಸಮಿತಿಯವರು. ಮೂರು ವರ್ಷದ ಯೋಜನೆ, ಅದರೊಳಗೆ ವರ್ಷಕ್ಕೊಂದು ಭಾಗ. ಎಷ್ಟೋ ಕಡೆ ಇದು ತುಂಬಿಸಿದ ಫಾರಂ ಆಗಿ ಬಂದು ಸಹಿಗೆ ನಿಲ್ಲುತ್ತದೆ. ಸಹಿ ಹಾಕುವ ಮೊದಲು ಓದಿ. ಮಾರ್ಚಿಗೆ ಹಣಕಾಸು ವರ್ಷ ಮುಗಿಯುವುದರಿಂದ ಡಿಸೆಂಬರ್ ಒಳಗೆ ನಿಮ್ಮದು ಸಿದ್ಧವಾಗಲಿ.

ಮೊದಲ ಪುಟದಲ್ಲಿ ಕಲಿಕೆ ಬರೆಯಿರಿ, ಕೊನೆಯ ಪುಟದಲ್ಲಿ ಕಟ್ಟಡ. ಈ ಕ್ರಮ ಬದಲಾದರೆ ಸಭೆಯ ಮಾತೇ ಬದಲಾಗುತ್ತದೆ. "ಐದನೇ ಕ್ಲಾಸಿನ 16 ಮಕ್ಕಳಲ್ಲಿ 9 ಮಕ್ಕಳು ಕಥೆ ಓದುತ್ತಾರೆ, ಮಾರ್ಚ್ ಹೊತ್ತಿಗೆ 14 ಮಕ್ಕಳು ಓದಬೇಕು" ಅನ್ನುವ ತರಹ, ಎಣಿಸಲು ಬರುವ ಮಾತು ಬರೆಯಿರಿ. ಆಮೇಲೆ ಶಿಕ್ಷಕರ ಲೆಕ್ಕ. ಕಾಯ್ದೆಯ ಅನುಸೂಚಿಯಲ್ಲಿ ಒಂದರಿಂದ ಐದನೇ ಕ್ಲಾಸಿನವರೆಗೆ 60 ಮಕ್ಕಳವರೆಗೆ ಇಬ್ಬರು, 61ರಿಂದ 90ಕ್ಕೆ ಮೂವರು, 91ರಿಂದ 120ಕ್ಕೆ ನಾಲ್ವರು ಶಿಕ್ಷಕರು ಅಂತ ಇದೆ. ಆರರಿಂದ ಎಂಟಕ್ಕೆ 35 ಮಕ್ಕಳಿಗೆ ಕನಿಷ್ಠ ಒಬ್ಬರು, ಅದರಲ್ಲೂ ವಿಜ್ಞಾನ ಮತ್ತು ಗಣಿತಕ್ಕೆ, ಸಮಾಜಕ್ಕೆ, ಭಾಷೆಗೆ ಒಬ್ಬೊಬ್ಬರು. ನಿಮ್ಮ ಶಾಲೆಯ ಮಕ್ಕಳ ಸಂಖ್ಯೆ ಪಕ್ಕದಲ್ಲಿ ಇಡಿ, ಎಷ್ಟು ಕಡಿಮೆ ಇದೆ ಅಂತ ತಾನೇ ಕಾಣುತ್ತದೆ. ಇಬ್ಬರು ಟೀಚರ್ ಐದು ಕ್ಲಾಸು ನಡೆಸುತ್ತಾ, ಬಿಸಿಯೂಟದ ಲೆಕ್ಕ ಬರೆಯುತ್ತಾ, ಆನ್‌ಲೈನ್ ಮಾಹಿತಿ ತುಂಬುತ್ತಾ ಇರುವ ಶಾಲೆಯಲ್ಲಿ ಅವರನ್ನು ಬೈದು ಉಪಯೋಗವಿಲ್ಲ. ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟು ಬೇರೆ ಕೆಲಸಕ್ಕೆ ಟೀಚರನ್ನು ಹಾಕುವಂತಿಲ್ಲ ಅಂತ 27ನೇ ಸೆಕ್ಷನ್ ಇದೆ. ಅವರ ಪರವಾಗಿ ಇದನ್ನು ಕೇಳಬೇಕಾದವರು ನಾವು. ನಾವು ಕೇಳಿದ ದಿನದಿಂದ ಟೀಚರುಗಳ ಮುಖ ನಮ್ಮ ಕಡೆ ತಿರುಗಿತು.

ದುಡ್ಡಿನ ವಿಷಯ. ಸಮಗ್ರ ಶಿಕ್ಷಾ ಯೋಜನೆಯ ಚೌಕಟ್ಟಿನಲ್ಲಿ ಶಾಲಾ ಅನುದಾನ ವರ್ಷಕ್ಕೆ 30 ಮಕ್ಕಳವರೆಗೆ 10,000 ರೂಪಾಯಿ, 100ರವರೆಗೆ 25,000, 250ರವರೆಗೆ 50,000 ಅಂತ ಇದೆ. ಅದರಲ್ಲಿ ಕನಿಷ್ಠ 10% ಸ್ವಚ್ಛತೆಗೆ. ಬಂದದ್ದೆಷ್ಟು, ಯಾವಾಗ ಬಂತು, ಯಾವುದಕ್ಕೆ ಹೋಯಿತು ಅಂತ ಶಾಲೆಯ ಗೋಡೆಯ ಮೇಲೆ ಬರೆಸಿ. ಇದರಲ್ಲಿ ಬಣ್ಣ ಹೊಡೆಸಲು ಹೊರಟರೆ ಎಲ್ಲ ಮುಗಿದುಹೋಗುತ್ತದೆ. ಕಾಂಪೌಂಡ್, ಆಟದ ಮೈದಾನ, ಶೌಚಾಲಯ, ಕೈತೋಟ ಇವನ್ನು ಉದ್ಯೋಗ ಖಾತರಿಯಂಥ ಪಂಚಾಯ್ತಿ ಕೆಲಸಗಳಲ್ಲಿ ಸೇರಿಸಲು ಗ್ರಾಮಸಭೆಯಲ್ಲಿ ಬರೆಸಿ. ಶಾಲೆಯ ಅನುದಾನ ಮಗುವಿನ ಕೈಗೆ ಸಿಗುವ ವಸ್ತುಗಳಿಗೆ ಉಳಿಯಲಿ: ಕಥೆ ಪುಸ್ತಕ, ಸ್ಲೇಟು, ಅಳತೆ ಟೇಪು, ತಕ್ಕಡಿ, ಚೆಂಡು. ಲೈಬ್ರರಿ ಪುಸ್ತಕ ಬೀರುವಿನಲ್ಲಿ ಬೀಗ ಹಾಕಿಕೊಂಡಿದ್ದರೆ, ಹಗ್ಗ ಕಟ್ಟಿ ಅದರ ಮೇಲೆ ಪುಸ್ತಕ ನೇತುಹಾಕಿ. ಹರಿಯುತ್ತವೆ, ಹರಿಯಲಿ.

ಮಕ್ಕಳ ಗ್ರಾಮಸಭೆಗೆ ಮಕ್ಕಳನ್ನು ಸಿದ್ಧ ಮಾಡಿ

ವರ್ಷಕ್ಕೊಮ್ಮೆ, ಹೆಚ್ಚಾಗಿ ನವೆಂಬರ್ ಹೊತ್ತಿಗೆ, ಗ್ರಾಮ ಪಂಚಾಯ್ತಿ ಮಕ್ಕಳ ಗ್ರಾಮಸಭೆ ನಡೆಸಬೇಕು. ಹಾಡು, ಭಾಷಣ, ಬಿಸ್ಕತ್ತಿನಲ್ಲಿ ಮುಗಿಯದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ. ಹದಿನೈದು ದಿನ ಮೊದಲೇ ಶಾಲೆಯಲ್ಲಿ ಒಂದು ಡಬ್ಬಿ ಇಡಿ, ಹೆಸರಿಲ್ಲದೆ ಚೀಟಿ ಹಾಕಲು ಹೇಳಿ. ಚೀಟಿ ಓದುವಾಗ ದೊಡ್ಡವರು ಒಬ್ಬರೇ ಇರಲಿ, ಮಕ್ಕಳು ಐದು ಜನ ಇರಲಿ. ನಮ್ಮಲ್ಲಿ ಬಂದ ಚೀಟಿಗಳಲ್ಲಿ ಕಂಪ್ಯೂಟರ್ ಕೇಳಿದ್ದು ಎರಡೇ. ಶಾಲೆಗೆ ಬರುವ ದಾರಿಯ ಮದ್ಯದ ಅಂಗಡಿಯ ಬಗ್ಗೆ ಒಂಬತ್ತು ಚೀಟಿ ಇತ್ತು. ಒಬ್ಬ ಹುಡುಗಿ "ನಮಗೂ ಆಟದ ಪೀರಿಯಡ್‌ನಲ್ಲಿ ಚೆಂಡು ಕೊಡಿ" ಅಂತ ಬರೆದಿದ್ದಳು. ಚೆಂಡು ಮರುದಿನವೇ ಸಿಕ್ಕಿತು. ಅಂಗಡಿ ಸ್ಥಳ ಬದಲಾಯಿಸಲು ಒಂದು ವರ್ಷ ಹಿಡಿಯಿತು.

ಮಕ್ಕಳು ಕೇಳಿದ್ದನ್ನು ಸಂಖ್ಯೆ ಹಾಕಿ ಬರೆದು, ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರಿಂದ ಸ್ವೀಕೃತಿ ಪಡೆಯಿರಿ. ಮೂರು ತಿಂಗಳ ನಂತರ ಅದೇ ಮಕ್ಕಳ ಮುಂದೆ ಉತ್ತರ ಹೇಳಿಸಿ. ಆಗಲಿಲ್ಲ ಅನ್ನುವುದಾದರೆ ಯಾಕೆ ಆಗಲಿಲ್ಲ ಅಂತ ಮಕ್ಕಳಿಗೇ ಹೇಳಲಿ.

ಉತ್ತರ ಬಾರದಿದ್ದಾಗ

ಮೊದಲು ಹೆಡ್‌ಮಾಸ್ಟರ್, ಆಮೇಲೆ ಸಿಆರ್‌ಪಿ, ಬಿಇಒ (ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿ), ಡಿಡಿಪಿಐ (ಜಿಲ್ಲೆಯ ಶಿಕ್ಷಣ ಇಲಾಖೆಯ ಉಪನಿರ್ದೇಶಕರು). ಈ ಮೆಟ್ಟಿಲು ಬಿಟ್ಟು ಹಾರಬೇಡಿ. ಒಂದು ಪತ್ರದಲ್ಲಿ ಒಂದೇ ವಿಷಯ ಇರಲಿ. ಹೀಗೆ:

*"ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ. ವಿಷಯ: ಶಿಕ್ಷಕರ ಕೊರತೆ. ಮಾನ್ಯರೇ, ನಮ್ಮ ಶಾಲೆಯಲ್ಲಿ ಒಂದರಿಂದ ಐದನೇ ತರಗತಿಯವರೆಗೆ 74 ಮಕ್ಕಳಿದ್ದಾರೆ. ಶಿಕ್ಷಕರು ಇಬ್ಬರು. ಶಿಕ್ಷಣ ಹಕ್ಕು ಕಾಯ್ದೆ 2009ರ ಅನುಸೂಚಿಯಂತೆ ಮೂವರು ಇರಬೇಕು. ಈ ತಿಂಗಳ ಎಸ್‌ಡಿಎಂಸಿ ಸಭೆಯ ನಡಾವಳಿಯ ಪ್ರತಿ ಜೊತೆಗಿದೆ. ಮೂರನೇ ಶಿಕ್ಷಕರನ್ನು, ಅವರು ಬರುವವರೆಗೆ ಅತಿಥಿ ಶಿಕ್ಷಕರನ್ನು ಒದಗಿಸಬೇಕೆಂದು ಕೋರುತ್ತೇವೆ."*

ಎರಡು ಪ್ರತಿ ತೆಗೆದುಕೊಂಡು ಹೋಗಿ. ಒಂದರ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಬಾಯಿಮಾತಿನಲ್ಲಿ ಹೇಳಿ ಬಂದದ್ದಕ್ಕೆ ಲೆಕ್ಕವಿಲ್ಲ, ನಾನು ಒಂದು ವರ್ಷ ಹಾಗೆ ಕಳೆದಿದ್ದೇನೆ. ಉತ್ತರವೇ ಬಾರದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ, ನಮ್ಮ ಇಂಥ ತಾರೀಖಿನ ಪತ್ರದ ಮೇಲೆ ಏನು ಕ್ರಮ ಆಯಿತು ಅಂತ ಕೇಳಿ. ಕರ್ನಾಟಕದಲ್ಲಿ ಆ ಅರ್ಜಿ 150 ಪದದೊಳಗೆ, ಒಂದೇ ವಿಷಯದ ಬಗ್ಗೆ ಇರಬೇಕು. 30 ದಿನದಲ್ಲಿ ಉತ್ತರ ಬರಬೇಕು. ಮಗುವಿನ ಹಕ್ಕಿಗೇ ತೊಂದರೆಯಾಗಿದ್ದರೆ ಶಿಕ್ಷಣ ಹಕ್ಕು ಕಾಯ್ದೆಯ 32ನೇ ಸೆಕ್ಷನ್ ಪ್ರಕಾರ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಬಹುದು, ಮೂರು ತಿಂಗಳಲ್ಲಿ ತೀರ್ಮಾನ ಆಗಬೇಕು. ಒಪ್ಪಿಗೆಯಾಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ. ನಮಗೆ ಅಲ್ಲಿಯವರೆಗೆ ಹೋಗುವ ಅಗತ್ಯ ಬರಲಿಲ್ಲ. ಸೀಲು ಹಾಕಿದ ಮೂರು ಪತ್ರ ಫೈಲಿನಲ್ಲಿ ಸೇರಿದ ಮೇಲೆ ಅತಿಥಿ ಶಿಕ್ಷಕಿ ಬಂದರು.

ಅವಧಿ ಮುಗಿಯುವ ಮೊದಲು

ನಮ್ಮ ಅವಧಿ ಮುಗಿಯುವಾಗ ನಾವು ಒಂದು ದಪ್ಪ ನೋಟ್‌ಬುಕ್ ಮಾಡಿದೆವು. ಮಗುವಿಗೊಂದು ಪುಟ. ಓದು ಎಲ್ಲಿದೆ, ಲೆಕ್ಕ ಎಲ್ಲಿದೆ, ಮನೆಮಾತು ಯಾವುದು, ಕಣ್ಣು ಕಿವಿ ಪರೀಕ್ಷೆ ಆಯಿತಾ, ಯಾವ ತಿಂಗಳಲ್ಲಿ ಜಾಸ್ತಿ ಗೈರು. ಜಾತಿ ಬರೆಯಲಿಲ್ಲ, ಅಂಕ ಬರೆಯಲಿಲ್ಲ. ಮನೆಯ ಗುಟ್ಟು ಯಾವುದನ್ನೂ ಬರೆಯಬಾರದು ಅಂತ ಮೊದಲೇ ಮಾತಾಡಿಕೊಂಡಿದ್ದೆವು. ಹೊಸ ಸಮಿತಿಯ ಮೊದಲ ಸಭೆಯಲ್ಲಿ ಅದನ್ನು ಹೆಡ್‌ಮಾಸ್ಟರ್ ಮೇಜಿನ ಮೇಲೆ ಇಟ್ಟೆವು. ಹೊಸ ಅಧ್ಯಕ್ಷೆ ತಾಂಡಾದವರು. ಪುಟ ತಿರುಗಿಸುತ್ತಾ ತಮ್ಮ ಮಗಳ ಹೆಸರಿನ ಹತ್ತಿರ ನಿಂತು, ತಾವೇ ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಆಮೇಲೆ ತಲೆಯೆತ್ತಿ, "ಸಾರ್, ಈ ತಿಂಗಳು ಯಾರ ಪುಟದಿಂದ ಶುರು ಮಾಡೋಣ?" ಅಂತ ಕೇಳಿದರು.